ಮಗಳ ರೋಸಿಗೆ ಬಂದ ವಿಲ್ಫ್ರೆಡ್

ಸಂಗೀತದ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಯೋಗ್ಯತೆ ಇಡೀ ಅಬುಧಾಬಿಯಲ್ಲಿ ಯಾರಿಗೂ ಇಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಹಗಲಿನಲ್ಲಿ ನಾನು ಆಸ್ಪತ್ರೆಯೊಂದರ ಉಗ್ರಾಣದಲ್ಲಿ ಕೈಗವಸು, ಸಿರಿಂಜುಗಳನ್ನು ಕಾಯುವ ಗಿಲ್ಬರ್ಟ್. ಸಂಜೆಯಾಯಿತೆಂದರೆ ನಮ್ಮ ಮಂಗಳೂರು ಕಡೆಯ ಕ್ರೈಸ್ತರ ನಾಮಕರಣ, ನಿಶ್ಚಿತಾರ್ಥ, ಮದುವೆಯ ಬೆಳ್ಳಿಹಬ್ಬ, ಎಲ್ಲದಕ್ಕೂ ಮೈಕು ಹಿಡಿಯುವ ಗಿಲ್ಬರ್ಟ್! ಯಾರು ಯಾವಾಗ ಕೇಕು ಕತ್ತರಿಸಬೇಕು, ಯಾವ ಹಾಡಿಗೆ ಯಾರ ಚಿಕ್ಕಪ್ಪ ಕುಣಿಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ನಾನೇ. ಯಾರೂ ಕೇಳದಿದ್ದಾಗಲೂ ಹೋಗಿ ತೀರ್ಮಾನಿಸಿದ್ದುಂಟು.

ಇಂಥವನ ಸ್ವಂತ ಮಗಳ ಮದುವೆ ನಿಶ್ಚಯವಾದಾಗ ಸಂಗೀತ ಖಾತೆ ಯಾರಿಗೆ ಎಂಬ ಪ್ರಶ್ನೆಯೇ ಏಳಬಾರದು. ಆದರೆ ನನ್ನ ಹೆಂಡತಿ ಐರಿನ್ ಅದನ್ನು ಎಬ್ಬಿಸಿದಳು.

"ಹಾಡಿನ ವಿಷಯ ನಾನೂ ರೆನಿಶಾನೂ ನೋಡಿಕೊಳ್ತೇವೆ. ನೀವು ಪಾರ್ಕಿಂಗ್ ನೋಡಿಕೊಳ್ಳಿ."

"ಪಾರ್ಕಿಂಗಾ? ಅದಕ್ಕೆ ಮೈಕು ಬೇಡವಲ್ಲ!"

"ಬೇಡ. ಅದಕ್ಕೇ ಹೇಳಿದ್ದು."

ಇಂಥ ಮಾತಿಗೆಲ್ಲ ಎದೆಗುಂದುವ ಕಲಾವಿದ ನಾನಲ್ಲ. ಜಗತ್ತಿನ ಸಂಗೀತ ಚರಿತ್ರೆಯ ಬಗ್ಗೆ ನನ್ನದೇ ಆದ ಒಂದು ಸಿದ್ಧಾಂತವಿತ್ತು. ಅದರ ಪ್ರಕಾರ ನನ್ನ ಅಜ್ಜಿಯ ಕಾಲದಲ್ಲಿ ಹಾಡುಗಳು ಅಡುಗೆಮನೆಯಲ್ಲಿದ್ದವು. ಅಪ್ಪನ ಕಾಲದಲ್ಲಿ ಬ್ರಾಸ್ ಬ್ಯಾಂಡಿನವರು ಕೆಂಪು ಕೋಟು ತೊಟ್ಟು ಅವನ್ನು ಅಂಗಳಕ್ಕೆ ತಂದರು. ನನ್ನ ಕಾಲದಲ್ಲಿ ಕ್ಯಾಸೆಟ್ಟು, ಡಿಸ್ಕೋ, ಬೈಲಾ ಕುಣಿತದ ಹಾಡು ಬಂದು ಸಂಗೀತವು ತನ್ನ ಶಿಖರವನ್ನು ತಲುಪಿತು. ಅಲ್ಲಿಂದ ಮುಂದೆ ಇಳಿಜಾರು. ಈಗಿನ ಮಕ್ಕಳು ಕಿವಿಗೆ ಬಿರಡೆ ಹಾಕಿಕೊಂಡು, ಕೊರಿಯಾದ ಯಾರೋ ಹುಡುಗರು ಹಾಡುವುದನ್ನು ಕೇಳುತ್ತ ಒಬ್ಬೊಬ್ಬರೇ ತಲೆ ಕುಣಿಸುತ್ತಾರೆ. ಪಾಪ, ಅವರನ್ನು ಮತ್ತೆ ಶಿಖರಕ್ಕೆ ಹತ್ತಿಸುವುದು ನನ್ನ ಜವಾಬ್ದಾರಿ ಎಂದು ತಿಳಿದಿದ್ದೆ. ಮಗಳ ಮದುವೆಗೆಂದು ನನ್ನ ಕಾಲದ ಡಿಸ್ಕೋ ಹಾಡುಗಳನ್ನೆಲ್ಲ ಆರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿ, ಸಿದ್ಧವಾಗಿಟ್ಟಿದ್ದೆ.

ರೆನಿಶಾ ಅದನ್ನು ಮೂರೇ ಮಾತಿನಲ್ಲಿ ಮುಗಿಸಿದಳು. "ನೋ ಡಿಸ್ಕೋ, ಡ್ಯಾಡಾ."

"ಮತ್ತೆಂತ ಬೇಕು? ಕೊರಿಯಾದವರಾ?"

"ರೋಸ್‌ಗೆ ವೊವಿಯೊ ಬೇಕು. ರಿಯಲ್ ವೊವಿಯೊ. ಐ ಯಾಮ್ ಸೀರಿಯಸ್!"

ನಾನು ಕುಳಿತಲ್ಲೇ ಕುಸಿದೆ. ರೋಸ್ ಎಂದರೆ ನಮ್ಮಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೂ ಮದುಮಗನಿಗೂ ಕಾಯಿಹಾಲು, ಎಣ್ಣೆ ಹಚ್ಚಿ ಹರಸುವ ಶಾಸ್ತ್ರ. ಆಗ ಹಿರಿಯ ಹೆಂಗಸರು ಕೊಂಕಣಿಯಲ್ಲಿ ಎಳೆಎಳೆಯಾಗಿ ಹಾಡುವ ಹಾಡೇ ವೊವಿಯೊ. ಅದಕ್ಕೆ ಒಂದೇ ರಾಗ, ಮುಗಿಯದಷ್ಟು ಚರಣ. ನಾವು ಹುಡುಗರಾಗಿದ್ದಾಗ ವೊವಿಯೊ ಶುರುವಾಯಿತೆಂದರೆ ಚಪ್ಪರದ ಹಿಂದೆ ಹೋಗಿ ಅದು ಮುಗಿಯುವುದನ್ನೇ ಕಾಯುತ್ತಿದ್ದೆವು. ಈಗ ನೋಡಿದರೆ, ಅಬುಧಾಬಿಯಲ್ಲಿ ಹುಟ್ಟಿ, ಮಂಗಳೂರನ್ನು ರಜೆಯಲ್ಲಿ ಮಾತ್ರ ಕಂಡ ನನ್ನ ಮಗಳಿಗೆ ಅದೇ ಬೇಕು! ಸಂಗೀತವು ನನ್ನ ತಲೆಯ ಮೇಲಿಂದ ಹಾರಿ ಸೀದಾ ನನ್ನ ಅಜ್ಜಿಯ ಕಾಲಿಗೆ ಬಿದ್ದಿತ್ತು. ನನ್ನ ಸಿದ್ಧಾಂತದಲ್ಲಿ ಇದಕ್ಕೆ ಜಾಗವಿರಲಿಲ್ಲ.

"ಆಯ್ತು, ನಾನು ನಾಲ್ಕು ಜನ ಹೆಂಗಸರನ್ನ ಸೇರಿಸಿ ಕಲಿಸ್ತೇನೆ," ಎಂದಳು ಐರಿನ್.

"ಎಂತ ಬೇಡ, ನನಗೆ ಬಿಡು," ಎಂದೆ. ಇದು ನನ್ನ ಮೊದಲ ತಪ್ಪು.

ಟೂರಿಸ್ಟ್ ಕ್ಲಬ್ ಏರಿಯಾದಿಂದ ಅಲ್ ರೀಮ್ ಐಲ್ಯಾಂಡ್‌ವರೆಗೆ ನಮ್ಮವರ ಮನೆಗಳನ್ನೆಲ್ಲ ಜಾಲಾಡಿದೆ. ವೊವಿಯೊ ಬರುತ್ತದೆಯೇ ಎಂದರೆ "ಓ, ಬರ್ತದೆ!" ಎಂದು ಎಲ್ಲರೂ ಎದೆಯುಬ್ಬಿಸುತ್ತಿದ್ದರು. ಮೊದಲ ಸಾಲು ಹಾಡುತ್ತಿದ್ದರು. ಎರಡನೆಯ ಸಾಲಿಗೆ ಮೂಗಿನಲ್ಲಿ ಗುಂಯ್‌ಗುಟ್ಟುತ್ತಿದ್ದರು. ಮೂರನೆಯದಕ್ಕೆ "ಚಾ ಕುಡೀತೀರಾ?" ಎನ್ನುತ್ತಿದ್ದರು. ಕೊನೆಗೆ ನೆನಪಾದದ್ದು ಕಿನ್ನಿಗೋಳಿಯ ನನ್ನ ಸೆರಫಿನ್ ಚಿಕ್ಕಮ್ಮ. ಎಂಬತ್ತು ದಾಟಿದರೂ ಊರಿನ ಯಾವ ರೋಸೂ ಅವಳ ಗಂಟಲಿಲ್ಲದೆ ನಡೆಯುವುದಿಲ್ಲ. ಅವಳ ಮೊಮ್ಮಗನಿಗೆ ಸುದ್ದಿ ಕಳಿಸಿದೆ. ಮರುದಿನವೇ ಫೋನಿಗೆ ಚಿಕ್ಕಮ್ಮನ ಹಾಡು ಬಂದು ಬಿತ್ತು. ಜೊತೆಗೆ ಅವನು ಉದ್ದಕ್ಕೆ ಏನನ್ನೋ ಬರೆದಿದ್ದ. ಉದ್ದದ ಸಂದೇಶಗಳನ್ನು ಓದುವ ಅಭ್ಯಾಸ ನನಗಿಲ್ಲ.

ಹಾಡನ್ನು ಕಾರಿನಲ್ಲಿ ಕೇಳಿದೆ. ಶಿಲುಬೆಯ ಗುರುತಿನಿಂದ ಆರಂಭವಾಯಿತು. ಮೊದಲ ಚರಣ ಬಂತು. ಹಿಂದಿನಿಂದ ಹೆಂಗಸರು ಕೋರಸ್ ಹೇಳಿದರು. ಅಷ್ಟಕ್ಕೇ ಆಕಳಿಕೆ ಬಂತು. ಆರಿಸಿದೆ.

"ಪೂರ್ತಿ ಕೇಳಿದ್ರಾ?" ಐರಿನ್ ಸಂಶಯದಿಂದ ಕೇಳಿದಳು.

"ಪೂರ್ತಿ ಕೇಳ್ಲಿಕ್ಕೆ ಅದೆಂತ ಹೊಸ ಹಾಡಾ? ವೊವಿಯೊ ಎಲ್ಲ ಒಂದೇ!"

ಈ ವಾಕ್ಯವನ್ನು ನಾನು ಈಗ ನೆನೆದರೂ ಮೈ ಬೆವರುತ್ತದೆ.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಕೈಯಲ್ಲಿ ಮೈಕು ಇಲ್ಲದ ಸಮಾರಂಭ ನನಗೆ ಒಗ್ಗುವುದಿಲ್ಲ. ಬರುವ ಯುವಕ ಯುವತಿಯರಿಗೆ ಹಳೆಯ ಕೊಂಕಣಿ ಎಲ್ಲಿ ಅರ್ಥವಾಗಬೇಕು? ಆದ್ದರಿಂದ ಒಂದೊಂದು ಸಾಲು ಬಂದ ಹಾಗೆ ನಾನು ಮೈಕಿನಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಸ್ಥಳದಲ್ಲೇ ಒದಗಿಸುವುದೆಂದು ನನ್ನನ್ನು ನಾನೇ ನೇಮಿಸಿಕೊಂಡೆ.

ನಮ್ಮ ಫ್ಲ್ಯಾಟಿನಲ್ಲಿ ಸೋಫಾ ಇಟ್ಟ ಮೇಲೆ ನಿಲ್ಲಲಿಕ್ಕೂ ಜಾಗವಿಲ್ಲ. ಹಾಗಾಗಿ ರೋಸ್ ನಡೆದದ್ದು ಖಲೀಫಾ ಸಿಟಿಯಲ್ಲಿ, ನನ್ನ ಗೆಳೆಯ ಹಮೀದನ ವಿಲ್ಲಾದ ಅಂಗಳದಲ್ಲಿ. ಹಮೀದ್ ಉಳ್ಳಾಲದ ಬ್ಯಾರಿ, ಬಟ್ಟೆ ವ್ಯಾಪಾರಿ. ಸ್ಪೀಕರಿನ ವಯರು ಎಳೆಯುತ್ತ ಅವನು ಹೇಳಿದ, "ನಮ್ಮಲ್ಲೂ ಇದೇ ಕತೆ ಮಾರಾಯ. ನನ್ನ ಉಮ್ಮ ಹೇಳುವ ಮದುವೆ ಹಾಡು ನನಗೆ ಬರುದಿಲ್ಲ. ಈಗ ನನ್ನ ಮಗಳು ಅದನ್ನೇ ರೆಕಾರ್ಡ್ ಮಾಡ್ಲಿಕ್ಕೆ ಕೂತಿದ್ದಾಳೆ. ನಾವು ಮಧ್ಯದವರು ಎಂತ ಮಾಡಿದ್ದು ಹೇಳು?"

"ನಾವು ಡಿಸ್ಕೋ ಮಾಡಿದ್ದು," ಎಂದೆ.

ವರನ ಕಡೆಯವರೂ ಅಬುಧಾಬಿಯವರೇ ಆದ್ದರಿಂದ ಎರಡೂ ಮನೆಯ ರೋಸನ್ನು ಒಟ್ಟಿಗೇ ಇಟ್ಟಿದ್ದೆವು. ಮದುಮಗ ಜೋಯೆಲ್ ಒಳ್ಳೆಯ ಹುಡುಗ, ಬ್ಯಾಂಕಿನಲ್ಲಿ ಕೆಲಸ, ನುಣ್ಣಗಿನ ಮುಖ. ಅವನ ತಾಯಿ ಮ್ಯಾಗ್ದಲಿನ್ ಬಾಯಿ (ಬಾಯಿ ಎಂದರೆ ನಮ್ಮಲ್ಲಿ ಅಮ್ಮಾವರು ಎಂದ ಹಾಗೆ) ಶಾಲೆಯೊಂದರಲ್ಲಿ ಸೂಪರ್‌ವೈಸರ್. ಅವರು ಕನ್ನಡಕದ ಮೇಲಿಂದ ನೋಡಿದರೆ ನಾನೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದೆ. ನಿಶ್ಚಿತಾರ್ಥಕ್ಕೆ ಮೊದಲು ಅವರು ಐರಿನ್‌ಳನ್ನು ಪಕ್ಕಕ್ಕೆ ಕರೆದು ಒಂದೇ ಒಂದು ಪ್ರಶ್ನೆ ಕೇಳಿದ್ದರು. "ಹುಡುಗಿಗೆ ಇದಕ್ಕಿಂತ ಮೊದಲು ಎಲ್ಲಿಯಾದರೂ ಮಾತುಕತೆ ಆಗಿತ್ತಾ? ಇದ್ದರೆ ಈಗಲೇ ಹೇಳಿ, ಮತ್ತೆ ಗೊತ್ತಾಗುವುದು ನನಗೆ ಇಷ್ಟ ಇಲ್ಲ." ಇಲ್ಲವೆಂದು ಐರಿನ್ ಹೇಳಿದ್ದಳು. ಅದು ನಿಜವೂ ಆಗಿತ್ತು.

ಸಂಜೆ ರೆನಿಶಾ ಮತ್ತು ಜೋಯೆಲ್ ಸ್ಟೂಲುಗಳ ಮೇಲೆ ಅಕ್ಕಪಕ್ಕ ಕುಳಿತರು. ಹುಡುಗಿಯ ಅಪ್ಪನಾಗಿ ನಾನೇ ಮೊದಲು ಎರಡೂ ಕೈಗಳಿಂದ ಎಣ್ಣೆ, ಕಾಯಿಹಾಲು ಹಚ್ಚಿ ಹರಸಿದೆ. ಫೋನಿನ ಗುಂಡಿ ಒತ್ತಿಟ್ಟಾಗಿತ್ತು. ಸ್ಪೀಕರಿನಿಂದ ಸೆರಫಿನ್ ಚಿಕ್ಕಮ್ಮನ ದನಿ ಹೊರಟಿತು. ಶಿಲುಬೆಯ ಗುರುತು ಮಾಡಿದೆವು. ಚಪ್ಪರವನ್ನು ಹಾಡಿದಳು, ತೆಂಗಿನಕಾಯಿಯನ್ನು ಹಾಡಿದಳು. ನಾನು ಘನಗಂಭೀರ ಇಂಗ್ಲಿಷಿನಲ್ಲಿ ಅನುವಾದಿಸಿದೆ. ಹುಡುಗರೆಲ್ಲ ಫೋನು ಎತ್ತಿ ವಿಡಿಯೋ ಮಾಡುತ್ತಿದ್ದರು. ರೆನಿಶಾಳ ಕಣ್ಣು ತುಂಬಿತ್ತು. ಅವಳನ್ನು ನೋಡಿ ನನಗೆ ವೊವಿಯೊ ಇಷ್ಟು ಚಂದವಿತ್ತೇ ಎಂದು ಮೊದಲ ಬಾರಿಗೆ ಅನಿಸಿತು.

"ನಮ್ಮ ಮನೆಯ ಮಗಳ ಕೈ ಹಿಡಿಯಲು ಬಂದವನೇ," ಎಂದು ಚಿಕ್ಕಮ್ಮ ಹಾಡಿದಳು.

"ನಮ್ಮ ಮನೆಯ ಮಗಳ ಕೈ ಹಿಡಿಯಲು ಬಂದವನೇ," ಎಂದು ನಾನು ಇಂಗ್ಲಿಷಿನಲ್ಲಿ ಅನುವಾದಿಸಿದೆ.

"ಅಂದದ ಹುಡುಗ ವಿಲ್ಫ್ರೆಡ್," ಎಂದು ಚಿಕ್ಕಮ್ಮ ಹಾಡಿದಳು.

"ಅಂದದ ಹುಡುಗ ವಿಲ್ಫ್ರೆಡ್!" ಎಂದು ನಾನು ಮೈಕಿನಲ್ಲಿ, ಕೈ ಎತ್ತಿ, ಘೋಷಿಸಿದೆ.

ಎಲ್ಲರ ಕಣ್ಣೂ ಜೋಯೆಲ್‌ನತ್ತ ತಿರುಗಿತು. ಹೇಳಿದ ಮೇಲೆ ನನಗೆ ಅರ್ಥವಾಯಿತು. ಬಾಯಿ ಮುಂದೆ, ಬುದ್ಧಿ ಹಿಂದೆ! ವೊವಿಯೊದಲ್ಲಿ ಆಯಾ ಮನೆಯ ಮದುಮಗ, ಮದುಮಗಳು, ಅವರ ಅಪ್ಪ ಅಮ್ಮ ಎಲ್ಲರ ಹೆಸರು ಸೇರಿಸಿ ಹಾಡುತ್ತಾರೆ ಎಂಬ ಸಾಮಾನ್ಯ ಜ್ಞಾನ ಚಪ್ಪರದ ಹಿಂದೆ ನಿಂತವನಿಗೆ ಎಲ್ಲಿರಬೇಕು? ಇದು ಇನ್ಯಾರದೋ ರೋಸಿನ ಹಾಡು, ಅದರ ಮದುಮಗಳ ಹೆಸರು ಇನ್ನೂ ಬಂದಿರಲಿಲ್ಲ ಅಷ್ಟೇ.

"ಅಂದರೆ ಜೋಯೆಲ್," ಎಂದು ತಿದ್ದಿದೆ. "ಹಳೆಯ ವೊವಿಯೊಗಳಲ್ಲಿ ಮದುಮಗ ಯಾರೇ ಆಗಿರಲಿ, ಅವನನ್ನು ವಿಲ್ಫ್ರೆಡ್ ಎಂದೇ ಕರೆಯುವ ಒಂದು ಪ್ರಾಚೀನ ಸಂಪ್ರದಾಯವಿದೆ."

"ಸೋ ಕೂಲ್!" ಎಂದಳು ರೆನಿಶಾಳ ಗೆಳತಿ.

"ಜೋಯೆಲ್‌ನ ಅಪ್ಪನ ರೋಸಿನಲ್ಲಿ ಹಾಗೆ ಹಾಡಲಿಲ್ಲ," ಎಂದರು ಮ್ಯಾಗ್ದಲಿನ್ ಬಾಯಿ. ಕನ್ನಡಕ ಮೂಗಿನ ತುದಿಗೆ ಬಂದಿತ್ತು.

ಹಾಡು ನಿಲ್ಲಿಸೋಣವೆಂದು ಫೋನಿಗೆ ಕೈ ಹಾಕಿದೆ. ಎಣ್ಣೆ, ಕಾಯಿಹಾಲು ಮೆತ್ತಿದ ಬೆರಳನ್ನು ಫೋನು ತನ್ನ ಯಜಮಾನನದೆಂದು ಒಪ್ಪಲಿಲ್ಲ. ಒತ್ತಿದೆ, ಉಜ್ಜಿದೆ, ಅಂಗಿಗೆ ಒರೆಸಿ ಮತ್ತೆ ಒತ್ತಿದೆ. ಬೆರಳು ಜಾರಿ ದನಿ ಇನ್ನಷ್ಟು ಏರಿತು! ಚಿಕ್ಕಮ್ಮ ಈಗ ಇಡೀ ಖಲೀಫಾ ಸಿಟಿಗೆ ಕೇಳುವಂತೆ, ವಿಲ್ಫ್ರೆಡ್ ಶಿರ್ವದ ಹುಡುಗನೆಂದೂ ಹಡಗಿನಲ್ಲಿ ಕೆಲಸವೆಂದೂ ದಪ್ಪ ಮೀಸೆಯವನೆಂದೂ ಸಾರತೊಡಗಿದಳು.

"ಹಡಗಿನಷ್ಟು ದೊಡ್ಡ ಬ್ಯಾಂಕಿನಲ್ಲಿ ಕೆಲಸ," ಎಂದು ಅನುವಾದಿಸಿದೆ. "ಮೀಸೆ... ಮುಂದೆ ಬರಲಿರುವ ಮೀಸೆ!" ಜೋಯೆಲ್ ಮೆಲ್ಲಗೆ ತನ್ನ ಮೇಲ್ದುಟಿಯನ್ನು ಮುಟ್ಟಿ ನೋಡಿಕೊಂಡ.

ಅಷ್ಟರಲ್ಲಿ ಬೀಗಿತ್ತಿಯನ್ನು ಗೇಲಿ ಮಾಡುವ ಚರಣ ಬಂತು. ಮದುಮಗನ ತಾಯಿ ಸಿಸಿಲಿಯಾ ಬಾಯಿಗೆ ಮಾತು ಉದ್ದ, ಕೈ ಬಿಗಿ ಎಂದು ಚಿಕ್ಕಮ್ಮ ಹಾಡಿದರೆ, ಹಿಂದಿದ್ದ ಹೆಂಗಸರು ನಕ್ಕು ನಕ್ಕು ಕೋರಸ್ ಹೇಳಿದರು.

"ಈ ಚರಣಕ್ಕೆ ಇಂಗ್ಲಿಷ್ ಇಲ್ಲ," ಎಂದೆ ಮೈಕಿನಲ್ಲಿ.

"ನನಗೆ ಕೊಂಕಣಿ ಬರ್ತದೆ," ಎಂದರು ಮ್ಯಾಗ್ದಲಿನ್ ಬಾಯಿ.

ಹಮೀದ್ ಓಡಿ ಬಂದು ಸ್ಪೀಕರಿನ ಪ್ಲಗ್ ಕಿತ್ತ. "ಖಲಾಸ್ ಮಾರಾಯ, ಸಾಕು!" ಎಂದ.

ಮ್ಯಾಗ್ದಲಿನ್ ಬಾಯಿ ಎದ್ದು ನಿಂತರು. "ಐರಿನ್, ನಾನು ಅವತ್ತು ಬಾಯಿಬಿಟ್ಟು ಕೇಳಿದ್ದೆ. ಹುಡುಗನ ಹೆಸರು, ಊರು, ಕೆಲಸ, ಅವನ ತಾಯಿಯ ಹೆಸರು ಎಲ್ಲ ಹಾಡಿನಲ್ಲಿ ಉಂಟು. ರೋಸಿನ ಹಾಡು ಕಟ್ಟಿಸುವಲ್ಲಿವರೆಗೆ ಹೋಗಿದ್ದ ಸಂಬಂಧ! ಈಗ ಆ ಹಾಡನ್ನೇ ನಮಗೆ ಹಾಕಿ ಕೇಳಿಸ್ತಾ ಇದ್ದೀರಿ. ನಾಳೆ ಚರ್ಚಿಗೆ ಹೋಗುವ ಮೊದಲು ಇದು ನನಗೆ ಗೊತ್ತಾಗಬೇಕು."

ಮಗಳ ಮುಖ ನೋಡಿದೆ. ತಲೆಯಿಂದ ಇಳಿದ ಕಾಯಿಹಾಲಿನ ಜೊತೆ ಕಣ್ಣೀರೂ ಇಳಿಯುತ್ತಿತ್ತು. "ಡ್ಯಾಡಾ, ಹೂ ಈಸ್ ವಿಲ್ಫ್ರೆಡ್?" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪಕ್ಕದಲ್ಲಿ ಜೋಯೆಲ್ ಕೂಡ ನನ್ನನ್ನೇ ನೋಡುತ್ತಿದ್ದ. ಒಂದು ಹಾಡನ್ನು ಪೂರ್ತಿ ಕೇಳುವ ತಾಳ್ಮೆಯಿಲ್ಲದೆ ನನ್ನ ಮಗಳ ಮದುವೆಯನ್ನೇ ಮುರಿಯುತ್ತಿದ್ದೇನಲ್ಲ ಎಂದು ನಿಜಕ್ಕೂ ಹೆದರಿದೆ. ನಡೆದದ್ದನ್ನೆಲ್ಲ ಗಡಬಡಿಸಿ ಹೇಳಿದೆ. ಯಾರೂ ನಂಬಲಿಲ್ಲ. ಈಗಷ್ಟೇ ಮೈಕಿನಲ್ಲಿ ಪ್ರಾಚೀನ ಸಂಪ್ರದಾಯ ಹುಟ್ಟಿಸಿದವನ ಸತ್ಯಕ್ಕೆ ಬೆಲೆ ಎಲ್ಲಿಂದ ಬರಬೇಕು?

"ಸೆರಫಿನ್ ಚಿಕ್ಕಮ್ಮನಿಗೆ ಫೋನ್ ಮಾಡಿ. ಈಗಲೇ. ಎಲ್ಲರೆದುರು," ಎಂದಳು ಐರಿನ್.

ಹಮೀದ್ ನನ್ನ ಫೋನನ್ನು ಒರೆಸಿ, ಹಾಡು ನಿಲ್ಲಿಸಿ, ತನ್ನ ಒಣ ಬೆರಳುಗಳಿಂದ ಕರೆ ಮಾಡಿದ. ಅದನ್ನು ನನ್ನ ಮೈಕಿಗೆ ಹಿಡಿದ. ಪ್ಲಗ್ ಮತ್ತೆ ಹಾಕಿದರು.

"ಯಾರು, ಗಿಲ್ಬರ್ಟಾ? ನಿನ್ನ ಮಗಳ ರೋಸ್ ಅಲ್ವಾ ಇವತ್ತು? ಹಾಡ್ಲಿಕ್ಕೆ ಕಲಿತ್ರಾ?"

"ಚಿಕ್ಕಮ್ಮ, ನೀನು ಕಳಿಸಿದ ಹಾಡನ್ನೇ ಹಾಕಿದೆವು. ಅದರಲ್ಲಿ ವಿಲ್ಫ್ರೆಡ್ ಅಂತ..."

ಸ್ಪೀಕರು ಸಿಡಿಯಿತು. "ಅದನ್ನೇ ಹಾಕಿದೆಯಾ? ಅದು ನನ್ನ ತಮ್ಮನ ಮೊಮ್ಮಗಳು ಜಾನೆಟ್‌ನ ರೋಸಿನದ್ದು! ರಾಗ ಕಲೀಲಿಕ್ಕೆ ಕಳಿಸಿದ್ದು, ಹೆಸರು ನೀವೇ ಹಾಕಿಕೊಳ್ಳಿ ಅಂತ ನನ್ನ ಮೊಮ್ಮಗ ಅಷ್ಟುದ್ದ ಬರೆದಿದ್ದನಲ್ಲೋ! ಬೇರೆಯವರ ಗಂಡನನ್ನ ನಿನ್ನ ಮಗಳಿಗೆ ಕಟ್ಟಿದೆಯಾ? ನಿನಗೆ ತಲೆ ಎಲ್ಲಿ ಉಂಟು? ಚಿಕ್ಕಂದಿನಲ್ಲೂ ಹಾಗೇ, ಅರ್ಧ ಕೇಳಿ ಓಡುವ ಜಾತಿ! ಅಂಗಡಿಯಿಂದ ಉಪ್ಪು ತಾ ಅಂದರೆ..."

ಉಪ್ಪಿನ ಕತೆ, ಹಟ್ಟಿಯ ಕರುವಿನ ಕತೆ, ನಾನು ಏಳನೆಯ ತರಗತಿಯಲ್ಲಿ ಎರಡು ಸಲ ಕುಳಿತ ಕತೆ, ಎಲ್ಲವೂ ನನ್ನದೇ ಸ್ಪೀಕರಿನಲ್ಲಿ, ನನ್ನದೇ ಮೈಕಿನಿಂದ ಬೀಗರೆದುರು ಪ್ರಸಾರವಾದವು. ನಾನು ತಲೆ ತಗ್ಗಿಸಿ ನಿಂತಿದ್ದೆ. ಮೆಲ್ಲಗೆ ಕಣ್ಣೆತ್ತಿ ನೋಡಿದರೆ ಮ್ಯಾಗ್ದಲಿನ್ ಬಾಯಿಯ ಕನ್ನಡಕ ಸ್ವಸ್ಥಾನಕ್ಕೆ ಮರಳಿತ್ತು. ಅವರು ಮೈಕಿನ ಬಳಿ ಬಂದು ಕೇಳಿದರು, "ಬಾಯಿ, ಆ ವಿಲ್ಫ್ರೆಡ್ ಈಗ ಎಲ್ಲಿದ್ದಾನೆ?"

"ಜಾನೆಟ್‌ನ ಜೊತೆ ಶಿರ್ವದಲ್ಲಿ. ರಜೆಯಲ್ಲಿ ಬಂದಿದ್ದಾನೆ. ಮೀಸೆ ತೆಗೆದಿದ್ದಾನೆ, ಈಗ ನೋಡ್ಲಿಕ್ಕೆ ಚಂದ ಇಲ್ಲ."

ಮ್ಯಾಗ್ದಲಿನ್ ಬಾಯಿ ನಕ್ಕರು! ಮೊದಲು ತುಟಿಯಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಐರಿನ್, ಏನೂ ಅಂದುಕೊಳ್ಳಬೇಡಿ," ಎಂದು ಅವಳ ಕೈ ಹಿಡಿದರು. "ಒಂದು ಸಂಬಂಧವನ್ನ ಮುಚ್ಚಿಡ್ಲಿಕ್ಕೆ ಸ್ವಲ್ಪ ಬುದ್ಧಿ ಬೇಕು. ನಿಮ್ಮ ಗಂಡನಿಗೆ ಅದು ಸಾಧ್ಯ ಇಲ್ಲ." ಜೋಯೆಲ್ ರೆನಿಶಾಳ ಮೂಗಿನ ತುದಿಯ ಕಾಯಿಹಾಲನ್ನು ಒರೆಸಿದ. ನಾನು ಅಲ್ಲೇ ಇದ್ದ ಕುರ್ಚಿಯಲ್ಲಿ ಧೊಪ್ಪೆಂದು ಕುಳಿತೆ. ದಡ್ಡನೆಂಬ ಸರ್ಟಿಫಿಕೇಟು ಸಿಕ್ಕಿದ್ದಕ್ಕೆ ದೇವರಿಗೆ ಇಷ್ಟು ಮನಸಾರೆ ಕೃತಜ್ಞತೆ ಹೇಳಿದವನು ಬೇರೊಬ್ಬನಿರಲಾರ.

"ಗ್ರ್ಯಾಂಡ್‌ಮಾ, ಪ್ಲೀಸ್, ನೀವೇ ಹಾಡಿ. ಲೈವ್!" ಎಂದಳು ರೆನಿಶಾ.

"ಅಯ್ಯೋ ಬಾಯೆ, ಆ ಹಳೇದೇ ಬೇಕಾ ನಿನಗೆ? ಹಾಡಿ ಹಾಡಿ ನನಗೆ ಸಾಕಾಗಿದೆ. ಮೊಮ್ಮಗ ಫೋನಿನಲ್ಲಿ ಕೊರಿಯಾದ ಹುಡುಗರನ್ನ ತೋರಿಸ್ತಾನೆ. ಎಷ್ಟು ಚಂದ ಕುಣೀತಾರೆ! ಅದನ್ನ ಹಾಕಿ."

ಮೊಮ್ಮಗಳಿಗೆ ಅಜ್ಜಿಯ ಹಾಡು ಬೇಕು, ಅಜ್ಜಿಗೆ ಮೊಮ್ಮಗಳ ಹಾಡು ಬೇಕು. ನಡುವೆ ನನ್ನ ಡಿಸ್ಕೋವನ್ನು ಕೇಳುವವರು ಮೇಲೂ ಇಲ್ಲ, ಕೆಳಗೂ ಇಲ್ಲ. ಕೊನೆಗೆ ಚಿಕ್ಕಮ್ಮ ಹಾಡಿದಳು. ದನಿ ಒಂದು ಕ್ಷಣ ತಡವಾಗಿ ಬರುತ್ತಿತ್ತು, ಕೋರಸ್ ಹೇಳುವವರು ಅದಕ್ಕಿಂತ ತಡವಾಗಿ. ಆದರೆ ಜೋಯೆಲ್‌ನ ಹೆಸರು ಬಂತು, ಮ್ಯಾಗ್ದಲಿನ್ ಬಾಯಿಯ ಹೆಸರು ಬಂತು, ಅವರಿಗೊಂದು ಗೇಲಿಯೂ ಬಂತು, ಅವರೇ ಮೊದಲು ಚಪ್ಪಾಳೆ ತಟ್ಟಿದರು. ಕೊನೆಯ ಚರಣ ನನ್ನ ಮೇಲಿತ್ತು. ಹುಡುಗಿಯ ಅಪ್ಪನ ಕೈಯಲ್ಲಿ ಮೈಕು, ಕಿವಿಯಲ್ಲಿ ಹತ್ತಿ ಎಂದು ಅದರ ಅರ್ಥ. ಇಂಗ್ಲಿಷ್ ಅನುವಾದ ಬೇಕೆಂದವರಿಗೆ ಮ್ಯಾಗ್ದಲಿನ್ ಬಾಯಿಯೇ ಒದಗಿಸಿದರು.

ಹೊರಡುವಾಗ ಅವರು ನನ್ನನ್ನು ಕರೆದರು. "ಎಲ್ಲ ಮರೆತುಬಿಟ್ಟೆ ಗಿಲ್ಬರ್ಟ್. ಒಂದೇ ಷರತ್ತು. ನಾಳೆ ರಿಸೆಪ್ಶನ್‌ನಲ್ಲಿ ನೀವು ಮೈಕು ಮುಟ್ಟಬಾರದು."

"ಒಪ್ಪಿಗೆ!" ಎಂದಳು ಐರಿನ್. ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಮರುದಿನ ಮದುವೆ ಸಾಂಗವಾಗಿ ನಡೆಯಿತು. ರಿಸೆಪ್ಶನ್‌ನಲ್ಲಿ ಜೋಯೆಲ್‌ನ ಗೆಳೆಯರು ಮೈಕು ಹಿಡಿದರು. ವೊವಿಯೊದ ರಾಗಕ್ಕೆ ಢಂಢಂ ಸೇರಿಸಿದ ಏನೋ ಒಂದನ್ನು ಹಾಕಿದರು, ಕೊರಿಯಾದವರನ್ನು ಹಾಕಿದರು, ಎಲ್ಲರೂ ಮೈಮರೆತು ಕುಣಿದರು. ಅದು ಬೇಕು, ಇದು ಬೇಕೆಂದು ನನ್ನ ಹತ್ತಿರ ಯಾರೂ ಬರಲಿಲ್ಲ. ಇಷ್ಟು ವರ್ಷಗಳ ಸಮಾರಂಭಗಳಲ್ಲಿ ಮೊದಲ ಬಾರಿಗೆ ನಾನು ಊಟವನ್ನು ಬಿಸಿಯಾಗಿದ್ದಾಗಲೇ ಉಂಡೆ. ಮಟನ್ ಇಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಯಲ್ಲಿ ಬಂದವರೆಲ್ಲ ನನ್ನ ಕೈ ಕುಲುಕಿ, "ಮ್ಯೂಸಿಕ್ ಫಸ್ಟ್ ಕ್ಲಾಸ್ ಇತ್ತು ಗಿಲ್ಬರ್ಟ್, ಇಷ್ಟು ಒಳ್ಳೇದು ಯಾವತ್ತೂ ಆಗಿರಲಿಲ್ಲ!" ಎಂದರು. ನಾನು ವಿನಯದಿಂದ ತಲೆಬಾಗಿಸಿ ಹೊಗಳಿಕೆಯನ್ನು ಸ್ವೀಕರಿಸಿದೆ. ಅದರಲ್ಲಿ ನನ್ನ ಪಾಲು ಸಣ್ಣದೇನಲ್ಲ. ಇಡೀ ಸಂಜೆ ನಾನು ಕುರ್ಚಿಯಿಂದ ಏಳಲೇ ಇಲ್ಲ!